ಲಾ ಡಿಗ್ರಿ ಇಲ್ದ ಇಂಗ್ಲೆಂಡ್‌ನ್ಯಾಗ ಫ್ಯಾಮಿಲಿ ಸಾಲಿಸಿಟರ್ ಆಗೋದು ಹೆಂಗ? ನಮ್ಮ ಗಂಗಾವತಿ ಕಡಿಯವರಿಗಂತ ಬರದದ್ದು

ಇಂಗ್ಲೆಂಡ್‌ನ್ಯಾಗ ಸಾಲಿಸಿಟರ್, ಅಂದ್ರ ಒಂದು ಥರದ ವಕೀಲ, ಆಗಾಕ ಎಸ್‌ಕ್ಯೂಇ (ಸಾಲಿಸಿಟರ್ಸ್ ಕ್ವಾಲಿಫೈಯಿಂಗ್ ಎಕ್ಸಾಮಿನೇಶನ್) ಅಂತ ಒಂದು ಪರೀಕ್ಷೆ ಪಾಸ್ ಮಾಡಬೇಕ್ರಿ. ಆ ಪರೀಕ್ಷೆ ಸಿಲಬಸ್‌ನ್ಯಾಗ ಫ್ಯಾಮಿಲಿ ಲಾ ಇಲ್ಲವೇ ಇಲ್ಲ. ಡೈವೋರ್ಸ್, ಜೀವನಾಂಶ, ಮಕ್ಕಳು ಯಾರ ಹತ್ರ ಇರಬೇಕು, ಇವಕ್ಕ ಅಂತ ಒಂದು ಪಾಠನೂ ಇಲ್ಲ. ಇದನ್ನ ಮೊದ್ಲಿಗೇ ಹೇಳಾಕ ಕಾರಣ ಐತಿ. ಗಂಗಾವತಿ, ಸಿಂಧನೂರು, ಬಳ್ಳಾರಿ ಕಡಿಂದ ನನ್ನ ತಂಗಿ ವಾರಿಗಿ ಹುಡುಗ್ಯಾರು ಫೋನ್ ಮಾಡಿ "ಅಕ್ಕಾ, ನೀ ಬಿಎಸ್ಸಿ ಓದಿ ಹೆಂಗ ಅಲ್ಲಿ ಲಾಯರ್ ಆದಿ, ನಾ ಯಾವ ಕೋರ್ಸ್ ಸೇರಲಿ, ಎಷ್ಟು ಲಕ್ಷ ಬೇಕಾಗತೈತಿ" ಅಂತ ಕೇಳತಾರ, ಕೆಲವರಂತೂ ಅಷ್ಟೊತ್ತಿಗಾಗಲೇ ಯಾರೋ ಏಜೆಂಟ್ ಕೈಯಾಗ ಅಡ್ವಾನ್ಸ್ ಕೊಟ್ಟಿರತಾರ. ಅವರಿಗೆಲ್ಲ ನಾ ಹೇಳೋದು ಒಂದೇ: ಕೋರ್ಸಿನ ಮಾತು ಆಮ್ಯಾಲ ನೋಡೋಣು, ಮೊದ್ಲ ಫ್ಯಾಮಿಲಿ ಕೇಸ್ ನಡೆಯೋ ಜಾಗದಾಗ ಹೋಗಿ ಕುಂದ್ರು, ಪಗಾರ ಇಲ್ಲದ ಕೆಲಸ ಆದ್ರೂ ಚಿಂತಿಲ್ಲ. ಯಾಕ ಹಂಗ ಅನ್ನೋದನ್ನ ಪೂರ್ತಿ ಬರೀತೀನಿ, ಉದ್ದ ಆಗತೈತಿ, ಸಮಾಧಾನದಿಂದ ಓದ್ರಿ.

ನಮ್ಮ ದೇಶದಾಗ ಲಾ ಡಿಗ್ರಿ ಇಲ್ದ ವಕೀಲ ಆಗಾಕ ಬರಂಗಿಲ್ಲ, 1961ರ ಅಡ್ವೊಕೇಟ್ಸ್ ಆಕ್ಟ್ ಅದನ್ನ ಖಡಾಖಂಡಿತ ಹೇಳತೈತಿ. (ಊರಾಗ ಇದ್ದೇ ಫ್ಯಾಮಿಲಿ ಕೋರ್ಟ್ ವಕೀಲಿ ಮಾಡೋ ಆಸೆ ಇದ್ದವರಿಗೆ ಕೊನಿಗೆ ಬರದೀನಿ.) ಇಂಗ್ಲೆಂಡ್ ಮತ್ತ ವೇಲ್ಸ್‌ನ್ಯಾಗ ಲೆಕ್ಕ ಬ್ಯಾರೆ. ಅಲ್ಲಿ ವಕೀಲರಾಗ ದೊಡ್ಡ ಥರ ಎರಡು. ಬ್ಯಾರಿಸ್ಟರ್ ಅಂದ್ರ ಮುಖ್ಯವಾಗಿ ಕೋರ್ಟ್‌ನ್ಯಾಗ ವಾದ ಮಾಡೋರು. ಸಾಲಿಸಿಟರ್ ಅಂದ್ರ ಕಕ್ಷಿದಾರರ ಜೊತಿ ಕುಂತು ಅವರ ಕತಿ ಕೇಳೋರು, ಕಾಗದಪತ್ರ ಮಾಡೋರು, ಎದುರು ಪಾರ್ಟಿ ಜೊತಿ ರಾಜಿ ಮಾತುಕತಿ ನಡೆಸೋರು, ಫ್ಯಾಮಿಲಿ ಕೋರ್ಟ್‌ನ್ಯಾಗ ನಿಂತು ಮಾತಾಡಾಕೂ ಅವರಿಗೆ ಹಕ್ಕೈತಿ. ಸಂಸಾರದ ಜಗಳ ಬಂದಾಗ ಮನುಷಾರು ಮೊದ್ಲ ಬಂದು ಅಳೋದು ಸಾಲಿಸಿಟರ್ ಮುಂದ. ಸ್ಕಾಟ್ಲೆಂಡ್‌ದು, ನಾರ್ದರ್ನ್ ಐರ್ಲೆಂಡ್‌ದು ನಿಯಮ ಬ್ಯಾರೆ ಬ್ಯಾರೆ, ನಾ ಹೇಳೋದು ಇಂಗ್ಲೆಂಡ್, ವೇಲ್ಸ್‌ಗಷ್ಟ.

ಸಾಲಿಸಿಟರ್‌ಗಳನ್ನ ನೋಡಿಕೊಳ್ಳೋ ಸಂಸ್ಥೆ ಎಸ್‌ಆರ್‌ಎ, ಅಂದ್ರ ಸಾಲಿಸಿಟರ್ಸ್ ರೆಗ್ಯುಲೇಶನ್ ಅಥಾರಿಟಿ. 2021ರ ಸೆಪ್ಟೆಂಬರ್ 1ರಿಂದ ಅವರು ಹೊಸ ದಾರಿ ತಂದಾರ. ಆ ದಾರಿಯಾಗ ಬೇಕಾಗಿದ್ದು ಇಷ್ಟ: ಯಾವುದಾದ್ರೂ ಒಂದು ವಿಷಯದಾಗ ಡಿಗ್ರಿ (ಅಥವಾ ಅದಕ್ಕ ಸಮ ಅನ್ನೋ ಅರ್ಹತೆ), ಎಸ್‌ಕ್ಯೂಇ ಪರೀಕ್ಷೆಯ ಎರಡೂ ಭಾಗ ಪಾಸು, ಎರಡು ವರ್ಷದ ಕೆಲಸದ ಅನುಭವ, ಆಮ್ಯಾಲ ನಡತೆ ತಪಾಸಣೆ. ಬಿಎ ಆಗಲಿ ಬಿಕಾಂ ಆಗಲಿ ಬಿಇ ಆಗಲಿ, ಎಲ್ಲಾ ನಡೀತೈತಿ. ಹಳೆ ಮಂದಿ ಜಿಡಿಎಲ್ ಮಾಡು, ಎಲ್‌ಪಿಸಿ ಮಾಡು (ಎರಡೂ ಕಾನೂನಿನ ಕೋರ್ಸು), ಟ್ರೇನಿಂಗ್ ಕಾಂಟ್ರಾಕ್ಟ್ (ಆಫೀಸಿನ್ಯಾಗ ತರಬೇತಿ ನೌಕರಿ) ಹಿಡಿ ಅಂತ ಹೇಳಬಹುದು, ಅದು ಹಿಂದಿನ ದಾರಿ. ಹೊಸ ನಿಯಮ ಬರೋಕ್ಕಿಂತ ಮೊದ್ಲ ಶುರು ಮಾಡಿದವರಿಗೆ 2032ರ ಡಿಸೆಂಬರ್ 31ರ ತನಕ ಅದನ್ನ ಮುಗಿಸಾಕ ಬಿಟ್ಟಾರ. ಇವತ್ತು ಹೊಸದಾಗಿ ಹೊರಡೋ ನಿಮಗ ಅದರ ಗೊಡವಿ ಬ್ಯಾಡ.

ಡಿಗ್ರಿ ಕಾಗದದ ವಿಷಯ ಸಣ್ಣದು ಅನಿಸತೈತಿ, ಆದ್ರ ನಮ್ಮ ಕಡಿಯವರು ಎಡವೋದು ಇಲ್ಲೇ. ಬಹಳ ಮಂದಿ ಹತ್ರ ಮಾರ್ಕ್ಸ್ ಕಾರ್ಡ್ ಇರತಾವ, ಹೆಚ್ಚಂದ್ರ ಪಿಡಿಸಿ (ತಾತ್ಕಾಲಿಕ ಪದವಿ ಪತ್ರ) ಇರತೈತಿ, ಘಟಿಕೋತ್ಸವದ ಪದವಿ ಪ್ರಮಾಣಪತ್ರ ತಗೊಂಡೇ ಇರಂಗಿಲ್ಲ. ಬಳ್ಳಾರಿ ಕಾಲೇಜುಗಳವರು, ಕೊಪ್ಪಳಕ್ಕ ಬ್ಯಾರೆ ವಿಶ್ವವಿದ್ಯಾಲಯ ಆಗೋಕ್ಕಿಂತ ಮೊದ್ಲ ಓದಿದ ಕೊಪ್ಪಳದವರು ಆದ್ರ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಆ ಬಳ್ಳಾರಿ ವಿಶ್ವವಿದ್ಯಾಲಯ ಆಗೋಕ್ಕಿಂತ ಮೊದ್ಲ ಓದಿದವರಾದ್ರ ಗುಲ್ಬರ್ಗಾ ವಿಶ್ವವಿದ್ಯಾಲಯ. ಊರಾಗ ಇದ್ದಾಗಲೇ ಆ ಪ್ರಮಾಣಪತ್ರ ತಗೋರಿ. ವಿಮಾನ ಹತ್ತಿದ ಮ್ಯಾಲ ಅಣ್ಣನ್ನೋ ಮಾವನ್ನೋ ಆಫೀಸಿಂದ ಆಫೀಸಿಗೆ ಅಡ್ಡಾಡ್ಸೋದು ಬ್ಯಾಡ, ನಮ್ಮಪ್ಪ ನನ್ನ ಸಲುವಾಗಿ ಮೂರು ಸಲ ಬಳ್ಳಾರಿ ಬಸ್ ಹತ್ತಿದ್ದು ಇನ್ನೂ ಮನಸ್ಸಿನಾಗ ಐತಿ. ಮದುವಿ ಆದ ಮ್ಯಾಲ ಹೆಸರು ಬದಲಾಗಿದ್ರ ಪಾಸ್‌ಪೋರ್ಟ್, ಮಾರ್ಕ್ಸ್ ಕಾರ್ಡ್, ಮದುವಿ ಸರ್ಟಿಫಿಕೇಟ್ ಮೂರರಾಗ ಹೆಸರು ಹೆಂಗ ಅದಾವ ಅಂತ ನೋಡಿಕೊಳ್ರಿ. ಆಮ್ಯಾಲ ಯುಕೆ ಎನಿಕ್ ಅನ್ನೋ ಸಂಸ್ಥೆ ಕಡಿಂದ ನಿಮ್ಮ ಡಿಗ್ರಿ ಅಲ್ಲಿನ ಡಿಗ್ರಿಗೆ ಯಾವ ಮಟ್ಟದಾಗ ಸಮ ಅಂತ ಒಂದು ಪತ್ರ ಮಾಡಿಸಿ ಇಟ್ಕೊಳ್ರಿ. ಪರೀಕ್ಷೆ ಬರಿಯೋ ಮುಂದ ಡಿಗ್ರಿ ಕೇಳಂಗಿಲ್ಲ, ಕೊನಿಗೆ ಸಾಲಿಸಿಟರ್ ಅಂತ ಹೆಸರು ಸೇರ್ಸೋ ಮುಂದ ನೋಡತಾರ.

ಈಗ ಮುಖ್ಯ ಮಾತಿಗೆ ಬರತೀನಿ, ಎರಡು ವರ್ಷದ ಕೆಲಸ. ಇದಕ್ಕ ಕ್ವಾಲಿಫೈಯಿಂಗ್ ವರ್ಕ್ ಎಕ್ಸ್‌ಪೀರಿಯನ್ಸ್ ಅಂತಾರ, ಬಾಯಿಮಾತಿನ್ಯಾಗ ಕ್ಯೂಡಬ್ಲ್ಯೂಇ. ಮೊದ್ಲೆಲ್ಲ ಟ್ರೇನಿಂಗ್ ಕಾಂಟ್ರಾಕ್ಟ್ ಸಿಗಬೇಕಿತ್ತು, ಸಿಗಲಿಲ್ಲಂದ್ರ ಪರೀಕ್ಷೆ ಪಾಸಾದ್ರೂ ಮನ್ಯಾಗ ಕುಂದ್ರಬೇಕಿತ್ತು. ಈಗ ಆ ಬಾಗಿಲು ಅಗಲ ಆಗೈತಿ. ಹೆಚ್ಚಂದ್ರ ನಾಲ್ಕು ಕಡೆ ಕೆಲಸ ಮಾಡಿ ಎರಡು ವರ್ಷ ತುಂಬಿಸಬಹುದು, ಪಗಾರ ಇದ್ರೂ ನಡೀತೈತಿ ಇಲ್ದಿದ್ರೂ ನಡೀತೈತಿ, ಪರೀಕ್ಷೆಗಿಂತ ಮೊದ್ಲ ಮಾಡಬಹುದು, ಆಮ್ಯಾಲ ಮಾಡಬಹುದು, ನಡುವನೂ ಮಾಡಬಹುದು. ಪುಕ್ಕಟೆ ಸಲಹೆ ಕೊಡೋ ಲಾ ಸೆಂಟರ್‌ಗಳು, ಸಿಟಿಜನ್ಸ್ ಅಡ್ವೈಸ್, ಸಾಲಿಸಿಟರ್ ಆಫೀಸಿನ್ಯಾಗ ಪ್ಯಾರಾಲೀಗಲ್ (ವಕೀಲರಿಗೆ ಸಹಾಯಕ) ಕೆಲಸ, ಯೂನಿವರ್ಸಿಟಿಗಳ ಲಾ ಕ್ಲಿನಿಕ್, ಹಿಂಗ. ಆದ್ರ ಎರಡು ವರ್ಷ ಅಂದ್ರ ಫುಲ್ ಟೈಮ್ ಲೆಕ್ಕ. ವಾರಕ್ಕ ಎರಡು ದಿನ ಒಂದು ವರ್ಷ ಮಾಡಿದ್ರ ಐದು ತಿಂಗಳ ಹತ್ರಕ್ಕ ಬರತೈತಿ ಅಷ್ಟ. ಕೆಲಸನೂ ಕಾನೂನಿನ ಸೇವೆ ಕೊಡೋ ಕೆಲಸ ಇರಬೇಕು, ಬರೇ ಫೋನ್ ಎತ್ತೋದು ಫೈಲ್ ಜೋಡ್ಸೋದು ಆದ್ರ ಸಾಲಂಗಿಲ್ಲ.

ಆ ಅನುಭವಕ್ಕ ಇಂಗ್ಲೆಂಡ್, ವೇಲ್ಸಿನ ಸಾಲಿಸಿಟರ್ ಒಬ್ರು, ಇಲ್ಲಾ ಆ ಸಂಸ್ಥೆಯ ಕಾಂಪ್ಲಯನ್ಸ್ ಆಫೀಸರ್ (ನಿಯಮ ಪಾಲನೆ ನೋಡಿಕೊಳ್ಳೋರು) ಸಹಿ ಹಾಕಬೇಕು. ಇವರು ಇಂಥ ದಿನದಿಂದ ಇಂಥ ದಿನದ ತನಕ ಕೆಲಸ ಮಾಡ್ಯಾರ, ಸಾಲಿಸಿಟರ್‌ಗೆ ಬೇಕಾದ ಕೌಶಲದಾಗ ಕಡಿಮಿ ಅಂದ್ರೂ ಎರಡನ್ನ ಬೆಳೆಸಿಕೊಳ್ಳಾಕ ಅವಕಾಶ ಸಿಕ್ಕೈತಿ, ಇಷ್ಟ ಅವರು ಹೇಳೋದು. ಸಂಸ್ಥೆಯಾಗ ಸಾಲಿಸಿಟರ್ ಇಲ್ದಿದ್ರ ನಿಮ್ಮ ಕೆಲಸ ಕಣ್ಣಾರೆ ಕಂಡ ಹೊರಗಿನ ಸಾಲಿಸಿಟರ್ ಆದ್ರೂ ಹಾಕಬಹುದು. ಹಂಗಾಗಿ ಕೆಲಸಕ್ಕ ಸೇರೋ ದಿನವೇ ಬಾಯಿಬಿಟ್ಟು ಕೇಳ್ರಿ, "ನನ್ನ ಕ್ಯೂಡಬ್ಲ್ಯೂಇಗೆ ಯಾರು ಸಹಿ ಹಾಕತಾರ?" ನಮ್ಮ ಕಡಿ ಹೆಣ್ಮಕ್ಕಳಿಗೆ ಹಿಂಗ ನೇರ ಕೇಳೋದು ಒಂಥರಾ ಮುಜುಗರ, ಹಿರೇರು ತಾವ ಮಾಡತಾರ ಅಂತ ಸುಮ್ನಿರತೀವಿ. ನಾನೂ ಮೊದ್ಲ ಜಾಗದಾಗ ಹಂಗ ಸುಮ್ನಿದ್ದೆ, ನಾಲ್ಕು ತಿಂಗಳು ದುಡಿದ ಮ್ಯಾಲ ನಮ್ಮಲ್ಲಿ ಸಹಿ ಹಾಕೋರು ಯಾರೂ ಇಲ್ಲ ಅಂದ್ರು. ಆ ನಾಲ್ಕು ತಿಂಗಳು ಲೆಕ್ಕಕ್ಕ ಬರಲಿಲ್ಲ. ಅವತ್ತಿಂದ ಒಂದು ನೋಟ್‌ಬುಕ್ ಇಟ್ಟೆ, ದಿನಾ ಸಂಜಿಕ ಇವತ್ತು ಯಾವ ಥರದ ಕೇಸು, ನಾ ಏನು ಬರದೆ, ಏನು ಕಲತೆ ಅಂತ ನಾಲ್ಕು ಸಾಲು, ಕಕ್ಷಿದಾರರ ಹೆಸರು ಬರಿಯೂದಿಲ್ಲ. ಸಹಿ ತಗೊಳ್ಳೋ ಮುಂದ ಆ ನೋಟ್‌ಬುಕ್ ನನ್ನ ಕೈಹಿಡೀತು.

ಇಂಥ ಕಡೆ ಹೊಸಬರಿಗೆ ಜಾಗ ಸಿಗೋದಕ್ಕ ಒಂದು ಕಾರಣ ಐತಿ, ಅದು ದುಃಖದ ಕಾರಣ. 2012ರಾಗ ಅಲ್ಲಿನ ಸರ್ಕಾರ ಲಾಸ್ಪೊ ಅಂತ ಒಂದು ಕಾಯ್ದೆ ಮಾಡಿ 2013ರ ಏಪ್ರಿಲ್‌ನಿಂದ ಸಂಸಾರದ ಕೇಸುಗಳಿಗೆ ಕೊಡತಿದ್ದ ಸರ್ಕಾರಿ ಕಾನೂನು ನೆರವು ಬಹಳಷ್ಟು ಕಡಿದು ಹಾಕಿತು. ಮನ್ಯಾಗ ಹಿಂಸೆ ಆಗೈತಿ ಅನ್ನೋದಕ್ಕ ಸಾಕ್ಷಿ ಇದ್ದವರಿಗೆ ಸಿಗತೈತಿ, ಅದಕ್ಕೂ ಆದಾಯದ ಲೆಕ್ಕ ನೋಡತಾರ. ಉಳಿದವರಾಗ ರೊಕ್ಕ ಇಲ್ಲದವರು ವಕೀಲರಿಲ್ಲದ ತಾವ ಕೋರ್ಟ್‌ನ್ಯಾಗ ನಿಲ್ಲತಾರ. ಹಂಗ ನಿಂತವರ ಪಕ್ಕ ಕುಂತು ಧೈರ್ಯ ಹೇಳೋ, ಫಾರ್ಮ್ ತುಂಬಾಕ ದಾರಿ ತೋರ್ಸೋ ಸೇವಾ ಸಂಸ್ಥೆಗಳು ಅದಾವ, ಸಪೋರ್ಟ್ ಥ್ರೂ ಕೋರ್ಟ್ ಅಂಥಾದ್ದರಾಗ ಒಂದು. ಅಲ್ಲಿ ವಾಲಂಟಿಯರ್ ಆಗಾಕ ಲಾ ಡಿಗ್ರಿ ಕೇಳಂಗಿಲ್ಲ. ಅವರು ಕಾನೂನು ಸಲಹೆ ಕೊಡೋರಲ್ಲ, ಹಂಗಾಗಿ ಆ ದಿನಗಳು ಕ್ಯೂಡಬ್ಲ್ಯೂಇಗೆ ಸೇರತಾವಂತ ಲೆಕ್ಕ ಹಾಕಬ್ಯಾಡ್ರಿ. ಆದ್ರ ಫ್ಯಾಮಿಲಿ ಕೋರ್ಟಿನ ಬೆಂಚ್ ಮ್ಯಾಲ ಒಂದು ತಿಂಗಳು ಕುಂತ್ರ ಈ ಕೆಲಸ ನನಗ ಆಗತೈತೋ ಇಲ್ಲೋ ಅನ್ನೋದು ತಿಳೀತೈತಿ. ಪರೀಕ್ಷೆಗೆ ಸಾವಿರಾರು ಪೌಂಡ್ ಕಟ್ಟೋಕ್ಕಿಂತ ಮೊದ್ಲ ಅದು ತಿಳಿಯೋದು ಬಹಳ ಮುಖ್ಯ. ದಿನಾ ಬ್ಯಾರೆಯವರ ಸಂಕಟ ಕೇಳಿ, ಮನಿಗೆ ಬಂದು ರೊಟ್ಟಿ ಬಡಿದು, ಮಕ್ಕಳಿಗೆ ಉಣ್ಣಿಸಿ ಮಲಗಾಕ ಎಲ್ಲರಿಗೂ ಆಗಂಗಿಲ್ಲ, ಆಗಲಿಲ್ಲಂದ್ರ ತಪ್ಪೂ ಅಲ್ಲ, ಕನ್ವೆಯನ್ಸಿಂಗ್ (ಮನಿ ಜಾಗ ಮಾರೋ ಕೊಳ್ಳೋ ಕಾಗದಪತ್ರ) ಐತಿ, ವಿಲ್ ಕೆಲಸ ಐತಿ, ಅತ್ತ ಹೋಗಬಹುದು.

ನನ್ನ ಲೆಕ್ಕ ಹೇಳಬೇಕಂದ್ರ, 2019ರಾಗ ಮದುವಿ ಆಗಿ ಇಂಗ್ಲೆಂಡಿನ ಲೆಸ್ಟರ್ ಊರಿಗೆ ಬಂದೆ, ಒಂದು ಅಂಗಡ್ಯಾಗ ಕೆಲಸ. 2021ರಾಗ ವಾರಕ್ಕ ಎರಡು ದಿನ ವಾಲಂಟಿಯರ್, ಆಮ್ಯಾಲ ಒಂದು ಸಣ್ಣ ಸಾಲಿಸಿಟರ್ ಆಫೀಸಿನ ಫ್ಯಾಮಿಲಿ ವಿಭಾಗದಾಗ ಪ್ಯಾರಾಲೀಗಲ್. ಆ ಕೆಲಸ ಸಿಕ್ಕಿದ್ದು ಲಾ ಮಾರ್ಕ್ಸ್ ನೋಡಿ ಅಲ್ಲ, ಕನ್ನಡ, ತೆಲುಗು, ಹಿಂದಿ ಬರತಾವ, ಅಳೋರ ಮುಂದ ಗಾಬರಿ ಆಗಂಗಿಲ್ಲ ಅನ್ನೋದನ್ನ ನೋಡಿ. ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ಭಾಷಾ ತಾನ ಬಂದಿರತಾವ, ಆಂಧ್ರದವರು ನೆಲೆಸಿದ ಕ್ಯಾಂಪ್‌ನ್ಯಾಗ ಆಡಿ ಬೆಳೆದವರಿಗೆ ತೆಲುಗು, ಗಂಗಾವತಿ ಬಜಾರದಾಗ ಉರ್ದು. ಅರ್ಜಿಯಾಗ ಅದನ್ನ ಕೊನಿ ಸಾಲಿನ್ಯಾಗ ಅಲ್ಲ, ಮ್ಯಾಲ ಬರೀರಿ.

ಇನ್ನ ಪರೀಕ್ಷೆ. ಅದರ ಮೊದಲನೇ ಭಾಗ ಎಸ್‌ಕ್ಯೂಇ 1ರಾಗ ಎರಡು ಪೇಪರ್, ಎಫ್‌ಎಲ್‌ಕೆ 1, ಎಫ್‌ಎಲ್‌ಕೆ 2 ಅಂತ ಹೆಸರು. ಒಂದೊಂದಕ್ಕ 180 ಪ್ರಶ್ನೆ, ಒಟ್ಟು 360. ಐದು ಉತ್ತರ ಕೊಟ್ಟಿರತಾರ, ಅದರಾಗ ಅತಿ ಸರಿಯಾದ ಒಂದನ್ನ ಆರಿಸಬೇಕು, ತಪ್ಪಿಗೆ ಮಾರ್ಕ್ಸ್ ಕಡಿಯಂಗಿಲ್ಲ. 90 ಪ್ರಶ್ನೆಗೆ 2 ಗಂಟಿ 33 ನಿಮಿಷ, ಹಂಗ ದಿನಕ್ಕ ಎರಡು ಸಲ. ಒಂದು ಪ್ರಶ್ನೆಗೆ ಎರಡು ನಿಮಿಷನೂ ಇಲ್ಲ, ಪ್ರಶ್ನೆ ನೋಡಿದ್ರ ಒಂದು ಸಣ್ಣ ಕತಿ ಅಷ್ಟು ಉದ್ದ. ಕಂಪ್ಯೂಟರ್ ಸೆಂಟರ್‌ನ್ಯಾಗ ನಡಿಯೋ ಪರೀಕ್ಷೆ, ಇಂಡಿಯಾದಾಗೂ ಬರಿಯಾಕ ವ್ಯವಸ್ಥೆ ಐತಿ. ಮೊದ್ಲ ಪೇಪರ್‌ನ್ಯಾಗ ಕಾಂಟ್ರಾಕ್ಟ್, ಟಾರ್ಟ್ (ಒಬ್ರಿಂದ ಇನ್ನೊಬ್ರಿಗೆ ಆದ ಹಾನಿಗೆ ಪರಿಹಾರ), ಬಿಸಿನೆಸ್ ಲಾ, ಸಿವಿಲ್ ದಾವೆ, ಸಂವಿಧಾನ. ಎರಡನೇದರಾಗ ಆಸ್ತಿ, ಟ್ರಸ್ಟ್, ವಿಲ್, ಕ್ರಿಮಿನಲ್, ಸಾಲಿಸಿಟರ್ಸ್ ಅಕೌಂಟ್ಸ್ (ಕಕ್ಷಿದಾರರ ರೊಕ್ಕದ ಲೆಕ್ಕ ಇಡೋದು).

ಫ್ಯಾಮಿಲಿ ಇಲ್ಲದ್ದು ಓದಿ ನನಗೇನು ಉಪಯೋಗ ಅಂತ ನಾನೂ ಸಿಟ್ಟು ಮಾಡಿಕೊಂಡಿದ್ದೆ. ಕೆಲಸ ಮಾಡತಾ ಓದಿದ್ದಕ್ಕ ಉತ್ತರ ಸಿಕ್ತು. ಗಂಡ ಹೆಂಡ್ತಿ ಇಬ್ಬರೂ ಜಾಯಿಂಟ್ ಟೆನೆಂಟ್ಸ್ ಅಂತ ಮನಿ ತಗೊಂಡಿರತಾರ, ಡೈವೋರ್ಸ್ ಮುಗಿಯೋಕ್ಕಿಂತ ಮೊದ್ಲ ಒಬ್ರು ತೀರಿಕೊಂಡ್ರ ಪೂರ್ತಿ ಮನಿ ಇನ್ನೊಬ್ರಿಗೆ ತಾನ ಹೋಗತೈತಿ, ವಿಲ್‌ನ್ಯಾಗ ಏನ ಬರದಿದ್ರೂ. ಅದಕ್ಕ ಜಗಳ ಶುರುವಾದ ಕೂಡ್ಲೇ ಆ ಜಂಟಿ ಹಕ್ಕನ್ನ ಬಿಡಿಸಬೇಕೇನು ಅಂತ ಕಕ್ಷಿದಾರರಿಗೆ ತಿಳಿಸಬೇಕು, ಅದು ಲ್ಯಾಂಡ್ ಲಾ. ಮದುವಿ ಆದ್ರ ಹಳೆ ವಿಲ್ ಸಾಮಾನ್ಯವಾಗಿ ರದ್ದಾಗತೈತಿ, 1837ರ ವಿಲ್ಸ್ ಆಕ್ಟ್, ಅದು ವಿಲ್ ಪಾಠ. ಮದುವಿ ಆಗಲಾರದ ಹತ್ತು ವರ್ಷ ಕೂಡಿ ಬಾಳಿದ ಹೆಣ್ಮಗಳಿಗೆ ಹೆಂಡ್ತಿ ಹಕ್ಕು ಸಿಗಂಗಿಲ್ಲ, ಎಷ್ಟು ವರ್ಷ ಇದ್ರೂ ಸಿಗಂಗಿಲ್ಲ, ಮನ್ಯಾಗ ಪಾಲು ಕೇಳಬೇಕಂದ್ರ 1996ರ ಟ್ರಸ್ಟ್ಸ್ ಆಫ್ ಲ್ಯಾಂಡ್ ಕಾಯ್ದೆ ಹಿಡಕೊಂಡು ಹೋಗಬೇಕು, ಅದು ಟ್ರಸ್ಟ್ ಪಾಠ. ಗಂಡನ ಕಂಪನಿ ಷೇರು ಬಂದ್ರ ಬಿಸಿನೆಸ್ ಲಾ. ಬರೇ ಪುಸ್ತಕ ಹಿಡಿದವರಿಗೆ ಇವೆಲ್ಲ ಒಣಾ ನಿಯಮ. ಮುಂಜಾನಿ ಒಬ್ಬಾಕಿ ಕಣ್ಣೀರು ಹಾಕೊಂಡು ಮನಿ ಕಾಗದ ತೋರಿಸಿ ಹೋಗಿದ್ರ ರಾತ್ರಿ ಅದೇ ಪಾಠ ಒಂದ ಸಲಕ್ಕ ತಲಿಗೆ ಹತ್ತತೈತಿ. ಕೆಲಸ ಮೊದ್ಲ ಅಂತ ನಾ ಹಠ ಮಾಡೋದು ಇದಕ್ಕ.

2022ರ ಜುಲೈನ್ಯಾಗ ನಾ ಬರದಾಗ ಮೊದ್ಲ ಪೇಪರ್ ಪಾಸು, ಎರಡನೇದು ಫೇಲು. ಲ್ಯಾಂಡ್ ಲಾ, ಅಕೌಂಟ್ಸ್ ಎರಡೂ ಆಮ್ಯಾಲ ಓದಿದ್ರಾತು ಅಂತ ತಳ್ಳಿದ್ದೆ. ಫೇಲಾದ ಪೇಪರ್ ಅಷ್ಟ ಮತ್ತ ಬರಿಯಾಕ ಬಿಡತಾರ, 2023ರ ಜನವರಿಯಾಗ ಬರದು ಪಾಸಾದೆ. ಆರು ವರ್ಷದೊಳಗ ಮೂರು ಸಲ ಅಷ್ಟ ಅವಕಾಶ, ಹಂಗಾಗಿ ಅಂದಾಜಿನ ಮ್ಯಾಲ ಹೋಗಿ ಒಂದು ಸಲ ನೋಡೋಣು ಅನ್ನಬ್ಯಾಡ್ರಿ. 2021ರ ನವೆಂಬರ್‌ನ್ಯಾಗ ಮೊಟ್ಟಮೊದ್ಲ ಪರೀಕ್ಷೆ ನಡೆದಾಗಲೇ ನೂರಕ್ಕ 53 ಮಂದಿ ಪಾಸಾಗಿದ್ರು, ಅವರಾಗ ಲಾ ಓದಿದವರೇ ಬಹಳ ಇದ್ರು ಅನ್ನೋದು ನೆನಪಿಡ್ರಿ. ನಾ 10ನೇತ್ತಾ ತನಕ ಕನ್ನಡ ಮೀಡಿಯಂ. ನನಗ ಕಾನೂನಿಗಿಂತ ಆ ಉದ್ದನ್ನ ಇಂಗ್ಲಿಷ್ ಪ್ರಶ್ನೆ ಓದೋ ವೇಗನ ಕಷ್ಟ ಆತು. ಕನ್ನಡ ಮೀಡಿಯಂದವರಿಗೆ ನನ್ನ ಸಲಹೆ, ಮೊದ್ಲ ಪ್ರಶ್ನೆ ಕೊನಿ ಸಾಲು ಓದ್ರಿ, ಏನು ಕೇಳ್ಯಾರ ಅಂತ ತಿಳಕೊಂಡು ಆಮ್ಯಾಲ ಕತಿ ಓದ್ರಿ, ಹಂಗ ದಿನಾ ಗಡಿಯಾರ ಇಟ್ಕೊಂಡು 30 ಪ್ರಶ್ನೆ. ಪಾಠ ತಿಳಕೊಳ್ಳೋ ಮುಂದ ಕನ್ನಡದಾಗ ನೋಟ್ಸ್ ಮಾಡ್ರಿ, ಯಾರೂ ಬ್ಯಾಡ ಅನ್ನಂಗಿಲ್ಲ. ಟ್ರಸ್ಟ್ ಅನ್ನೋದನ್ನ ನಾ "ಹೆಸರು ಒಬ್ಬರದು, ಉಣ್ಣೋದು ಇನ್ನೊಬ್ಬರು" ಅಂತ ಬರಕೊಂಡಿದ್ದೆ, ಇವತ್ತಿಗೂ ಮರತಿಲ್ಲ.

ಎಸ್‌ಕ್ಯೂಇ 2 ಬ್ಯಾರೆ ಥರ, ಮಾಡಿ ತೋರ್ಸೋ ಪರೀಕ್ಷೆ. 12 ಬರವಣಿಗಿದು, 4 ಮಾತಿಂದು, ಒಟ್ಟು 16. ಕಕ್ಷಿದಾರರ ಪಾತ್ರ ಮಾಡೋರ ಜೊತಿ ಮಾತಾಡಬೇಕು, ಜಡ್ಜ್ ಮುಂದ ವಾದ ಮಾಡಬೇಕು, ಪತ್ರ ಬರೀಬೇಕು, ಕರಡು ಮಾಡಬೇಕು. ಮಾತಿನ ಭಾಗಕ್ಕ ಇಂಗ್ಲೆಂಡ್ ಇಲ್ಲಾ ವೇಲ್ಸ್‌ಗೆ ಹೋಗಲೇಬೇಕು. ಕೆಲಸ ಮಾಡಿದವರಿಗೆ ಇದು ಮೊದಲನೇದಕ್ಕಿಂತ ಹಗುರ ಅನಿಸತೈತಿ, ನನಗ ಹಂಗ ಅನಿಸಿತು.

ರೊಕ್ಕದ ಮಾತು. ಪರೀಕ್ಷೆ ಫೀ ಎರಡೂ ಸೇರಿ 2025ರ ಹೊತ್ತಿಗೆ 5,000 ಪೌಂಡಿನ ಹತ್ರ, ವರ್ಷಾ ಏರತೈತಿ. ಕೋಚಿಂಗ್ ಕಡ್ಡಾಯ ಅಲ್ಲ. ಎಲ್‌ಎಲ್‌ಎಂ (ಕಾನೂನಿನ ಮಾಸ್ಟರ್ಸ್) ಕಡ್ಡಾಯ ಅಲ್ಲ. ಬ್ಯಾರೆ ವಿಷಯ ಓದಿದವರಿಗೆ ಕಾನೂನು ಕಲಿಸೋ ಲಾ ಕನ್ವರ್ಷನ್ ಕೋರ್ಸೂ ಕಡ್ಡಾಯ ಅಲ್ಲ, ಆದ್ರ ಕಾನೂನಿನ ಗಂಧ ಗಾಳಿ ಇಲ್ಲದವರಿಗೆ ಒಂದು ಚೊಲೋ ಪ್ರಿಪರೇಷನ್ ಕೋರ್ಸ್ ಬೇಕಾಗತೈತಿ ಅಂತ ನನ್ನ ಅಭಿಪ್ರಾಯ, ನಾನೂ ಸೇರಿದ್ದೆ. ಕೆಲಸ ಕೊಟ್ಟ ಆಫೀಸಿನವರೇ ಫೀ ಕಟ್ಟೋದೂ ಉಂಟು, ಕೇಳಿ ನೋಡ್ರಿ. ಪರೀಕ್ಷೆ ಪಾಸಾದ್ರ ವೀಸಾ ಸಿಗತೈತಿ ಅಂತ ಯಾರಾದ್ರೂ ಹೇಳಿದ್ರ ಎದ್ದು ಬರ್ರಿ. ಪರೀಕ್ಷೆಗೂ ವೀಸಾಕ್ಕೂ ಸಂಬಂಧ ಇಲ್ಲ. ಸ್ಟೂಡೆಂಟ್ ವೀಸಾದವರಿಗೆ ಕಾಲೇಜು ನಡೆಯೋ ಟೈಮ್‌ನ್ಯಾಗ ವಾರಕ್ಕ 20 ತಾಸಿನ ಮಿತಿ ಐತಿ, ಅದರಾಗ ವಾಲಂಟಿಯರ್ ಕೆಲಸಾನೂ ಲೆಕ್ಕಕ್ಕ ಬರಬಹುದು, ಮೊದ್ಲ ಕೇಳಿಕೊಳ್ರಿ. ಈ ದಾರಿ ಹೆಚ್ಚಾಗಿ ಹೊಂದೋದು ಗಂಡನ ಜೊತಿನೋ ಹೆಂಡ್ತಿ ಜೊತಿನೋ ಅಲ್ಲಿ ನೆಲೆಸಿ ಕೆಲಸ ಮಾಡಾಕ ಹಕ್ಕಿದ್ದವರಿಗೆ. ಗಂಗಾವತಿಯಾಗ ಗದ್ದಿ ಮಾರಿ ಎಲ್‌ಎಲ್‌ಎಂ ಸೇರೋದು, ಆಮ್ಯಾಲ ನೋಡೋಣು ಅನ್ನೋದು ಬ್ಯಾಡ, ದಯವಿಟ್ಟು ಬ್ಯಾಡ.

ಹಂಗಾದ್ರ ಫ್ಯಾಮಿಲಿ ಲಾ ಎಲ್ಲಿ ಕಲಿಯೋದು? ಕಾಯ್ದೆ ಪುಸ್ತಕ ನಾಲ್ಕೈದು ಅದಾವ, ಕೆಲಸದ ಜೊತಿಗೇ ಓದಬೇಕು. ರೊಕ್ಕ ಆಸ್ತಿ ಹಂಚೋದಕ್ಕ 1973ರ ಮ್ಯಾಟ್ರಿಮೋನಿಯಲ್ ಕಾಸಸ್ ಆಕ್ಟ್, ಅದರ 25ನೇ ಸೆಕ್ಷನ್ ಬಾಯಿಪಾಠ ಆಗಬೇಕು. ಮಕ್ಕಳಿಗೆ 1989ರ ಚಿಲ್ಡ್ರನ್ ಆಕ್ಟ್, ಅದರಾಗ ಮಗುವಿನ ಹಿತನ ಎಲ್ಲಕ್ಕಿಂತ ದೊಡ್ಡದು ಅಂತ ಮೊದಲನೇ ಸೆಕ್ಷನ್‌ನ್ಯಾಗ ಐತಿ. ಹೊಡೆತ ಬಡಿತದಿಂದ ರಕ್ಷಣೆ ಕೊಡೋ ಆದೇಶಕ್ಕ 1996ರ ಫ್ಯಾಮಿಲಿ ಲಾ ಆಕ್ಟ್, ಆ ಅರ್ಜಿಗೆ ಕೋರ್ಟ್ ಫೀ ಇಲ್ಲ. ಡೈವೋರ್ಸ್ ಅಂತೂ 2022ರ ಏಪ್ರಿಲ್ 6ರಿಂದ ಬದಲಾಗೈತಿ, ಯಾರ ತಪ್ಪು ಅಂತ ತೋರ್ಸೋದೇ ಬ್ಯಾಡ, ಮದುವಿ ಮುರಿದೈತಿ ಅಂತ ಒಬ್ರು ಹೇಳಿದ್ರ ಸಾಕು. ಮದುವಿ ಆಗಿ ಒಂದು ವರ್ಷ ದಾಟಿರಬೇಕು, ಅರ್ಜಿ ಹಾಕಿ 20 ವಾರ ಕಾಯಬೇಕು, ಕಂಡಿಷನಲ್ ಆರ್ಡರ್ (ಡೈವೋರ್ಸ್ ಕೊಡಬಹುದು ಅನ್ನೋ ಮೊದ್ಲಿನ ಆದೇಶ) ಆದ ಮ್ಯಾಲ ಮತ್ತ 6 ವಾರ. ಪ್ಯಾರಾಲೀಗಲ್ ಆಗಿ ನೀವು ಬಹಳ ಹೊತ್ತು ಕಳೆಯೋದು ಫಾರ್ಮ್ ಇ ಜೊತಿ. ಗಂಡ ಹೆಂಡ್ತಿ ಇಬ್ಬರೂ ತಮ್ಮ ಆಸ್ತಿ, ಸಾಲ, ಪಿಂಚಣಿ, 12 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲಾ ಅದರಾಗ ತೋರಿಸಬೇಕು.

ಇಲ್ಲೇ ನಮ್ಮೂರ ತಿಳುವಳಿಕಿ ಬೆಲಿ ಬರೋದು. ನಮ್ಮ ಕಡಿ ಜಮೀನು ಅಪ್ಪನ ಹೆಸರಿನ್ಯಾಗ ಇರತೈತಿ, ಮಗ ಲಂಡನ್‌ನ್ಯಾಗ ಇದ್ರೂ ಪಾಲು ಆಗಿರಂಗಿಲ್ಲ, ಪಹಣಿಯಾಗ ಅವನ ಹೆಸರೇ ಇಲ್ಲ. ಅದನ್ನ ಫಾರ್ಮ್ ಇನಾಗ ಹೆಂಗ ತೋರ್ಸೋದು, ಹೆಂಡ್ತಿ ಪರವಾಗಿ ಹೆಂಗ ಕೇಳೋದು ಅನ್ನೋದು ಪಹಣಿ ನೋಡಿ ಬೆಳೆದವರಿಗೆ ಬೇಗ ಹೊಳೀತೈತಿ. ತವರಿಂದ ತಂದ ಬಂಗಾರ ಅತ್ತಿ ಲಾಕರ್‌ನ್ಯಾಗ ಇರತೈತಿ, ರಶೀದಿ ಇರಂಗಿಲ್ಲ, ಮದುವಿ ಫೋಟೋನೇ ಸಾಕ್ಷಿ. ಊರ ಹಿರೇರು ಕುಂತು ಛಾಪಾ ಕಾಗದದ ಮ್ಯಾಲ ಸೋಡಚೀಟಿ ಬರಸಿರತಾರ, ಅದನ್ನ ಹಿಡಕೊಂಡು ಬಂದು ನನಗ ಡೈವೋರ್ಸ್ ಆಗೈತಿ ಅಂತಾರ. ಅದು ನಡೀತೈತೋ ಇಲ್ಲೋ ಅನ್ನಾಕ ಹಿಂದೂ ಮ್ಯಾರೇಜ್ ಆಕ್ಟಿನ 29ನೇ ಸೆಕ್ಷನ್ ಪ್ರಕಾರ ಆ ಸಮಾಜದಾಗ ಅಂಥ ಪದ್ಧತಿ ನಿಜಕ್ಕೂ ಐತೇನು ಅಂತ ನೋಡಬೇಕು, ಅಲ್ಲಿ ಒಪ್ಪತಾರೇನು ಅನ್ನಾಕ 1986ರ ಫ್ಯಾಮಿಲಿ ಲಾ ಆಕ್ಟ್ ನೋಡಬೇಕು. ಇದರ ಉಲ್ಟಾನೂ ಐತಿ: ಇಂಗ್ಲೆಂಡ್‌ನ್ಯಾಗ ಒಬ್ರೇ ತಗೊಂಡ ಡೈವೋರ್ಸ್ ಇಂಡಿಯಾದಾಗ ತಾನ ನಡೀತೈತಿ ಅಂತ ತಿಳಿಯೋದು ತಪ್ಪು, 1991ರ ನರಸಿಂಹ ರಾವ್ ವೆಂಕಟ ಲಕ್ಷ್ಮಿ ಕೇಸಿನ್ಯಾಗ ಸುಪ್ರೀಂ ಕೋರ್ಟ್ ಅದಕ್ಕ ಷರತ್ತು ಹಾಕೈತಿ.

ಎಲ್ಲಕ್ಕಿಂತ ಎದಿ ಒಡಿಯೋದು ಮಕ್ಕಳ ಕೇಸು. ಗಂಡ ಹೆಂಡ್ತಿ ಜಗಳ ಆಡಿ ಒಬ್ರು ಮಗೂನ ಕರಕೊಂಡು ಊರಿಗೆ ಬಂದುಬಿಡತಾರ. ಮಕ್ಕಳನ್ನ ವಾಪಸ್ ಕಳಿಸೋ ಹೇಗ್ ಒಪ್ಪಂದ ಅಂತ 1980ರದು ಒಂದು ಐತಿ, ಇಂಡಿಯಾ ಅದಕ್ಕ ಸಹಿ ಹಾಕಿಲ್ಲ. ಹಂಗಾಗಿ ಮಗು ವಿಮಾನ ಹತ್ತೋಕ್ಕಿಂತ ಮೊದ್ಲ ಅಲ್ಲಿನ ಕೋರ್ಟಿಂದ ತಡೆ ತರಬೇಕು, ತಾಸು ತಾಸಿಗೂ ಬೆಲಿ. ಹತ್ತಿದ ಮ್ಯಾಲ ಇಲ್ಲಿನ ಹೈಕೋರ್ಟ್‌ಗೆ ಬರಬೇಕಾಗತೈತಿ, ಬಳ್ಳಾರಿ ಕೊಪ್ಪಳದವರು ಧಾರವಾಡ ಪೀಠ, ರಾಯಚೂರಿನವರು ಕಲಬುರಗಿ ಪೀಠ. ಅದಕ್ಕ ಊರಿನ ಒಬ್ಬ ಚೊಲೋ ವಕೀಲರ ಪರಿಚಯ ಇಟ್ಕೊಳ್ರಿ, ಇಂಡಿಯಾ ಕಾನೂನಿನ ಸಲಹೆ ನೀವ ಕೊಡಾಕ ಹೋಗಬ್ಯಾಡ್ರಿ, ಅದು ನಮ್ಮ ಅಧಿಕಾರದಾಗ ಬರಂಗಿಲ್ಲ.

ನಡತೆ ತಪಾಸಣೆ ಬಗ್ಗೆ ಒಂದು ಮಾತು, ಮುಚ್ಚಿಡಬ್ಯಾಡ್ರಿ. ಹಳೆ ಪೊಲೀಸ್ ಕೇಸು, ಪರೀಕ್ಷೆಯಾಗ ನಕಲು ಹಿಡಿದದ್ದು, ಸಾಲ ತೀರ್ಸಲಾರದ ದಿವಾಳಿ ಆದದ್ದು, ಏನಿದ್ರೂ ತಿಳಿಸಬೇಕು. ಹೇಳಿದ್ರ ಅವರು ತೂಗಿ ನೋಡತಾರ, ಮುಚ್ಚಿಟ್ಟಿದ್ದು ಆಮ್ಯಾಲ ಸಿಕ್ರ ಅದೇ ದೊಡ್ಡ ತಪ್ಪಾಗತೈತಿ.

ಡಿಗ್ರಿನೇ ಇಲ್ಲ, ಪಿಯುಸಿ ಅಷ್ಟ ಅನ್ನೋರಿಗೆ ಸೈಲೆಕ್ಸ್ ಅನ್ನೋ ಸಂಸ್ಥೆಯ ದಾರಿ ಐತಿ, ಕೆಲಸ ಮಾಡತಾ ಓದಿ ಚಾರ್ಟರ್ಡ್ ಲೀಗಲ್ ಎಕ್ಸಿಕ್ಯೂಟಿವ್ (ಅಲ್ಲಿನ ಇನ್ನೊಂದು ಥರದ ವಕೀಲ) ಆಗಬಹುದು, ಫ್ಯಾಮಿಲಿ ಲಾ ಆರಿಸಿಕೊಳ್ಳಾಕೂ ಬರತೈತಿ. ಇಂಡಿಯಾದಾಗ ಆಗಲೇ ವಕೀಲರಾಗಿ ಎನ್‌ರೋಲ್ ಆದವರಿಗೆ ಎರಡು ವರ್ಷದ ಕ್ಯೂಡಬ್ಲ್ಯೂಇ ಬೇಕಾಗಿಲ್ಲ, ಪರೀಕ್ಷೆ ಮಾತ್ರ.

ಕೊನಿಗೆ ಊರಾಗ ಇದ್ದವರಿಗೆ. ಯಾವುದೇ ಡಿಗ್ರಿ ಮ್ಯಾಲ ಮೂರು ವರ್ಷದ ಎಲ್‌ಎಲ್‌ಬಿ ಮಾಡಬಹುದು, ಡಿಗ್ರಿಯಾಗ ಜನರಲ್‌ನವರಿಗೆ 45, ಒಬಿಸಿಗೆ 42, ಎಸ್‌ಸಿ ಎಸ್‌ಟಿಗೆ 40 ಪರ್ಸೆಂಟ್ ಇರಬೇಕು. ಬಳ್ಳಾರಿಯಾಗ ವುಂಕಿ ಸಣ್ಣರುದ್ರಪ್ಪ ಲಾ ಕಾಲೇಜು, ರಾಯಚೂರಿನ್ಯಾಗ ಬೋಹ್ರಾ ಲಾ ಕಾಲೇಜು ಅದಾವ, ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗ. ಡಿಸ್ಟನ್ಸ್ ಎಲ್‌ಎಲ್‌ಬಿ ಅಂತ ಯಾರಾದ್ರೂ ಮಾರಾಕ ಬಂದ್ರ ತಗೋಬ್ಯಾಡ್ರಿ, ಅದರ ಮ್ಯಾಲ ಎನ್‌ರೋಲ್ ಆಗಂಗಿಲ್ಲ. ಮುಗಿಸಿ ಕರ್ನಾಟಕ ರಾಜ್ಯ ವಕೀಲರ ಪರಿಷತ್ತಿನ್ಯಾಗ ಹೆಸರು ನೋಂದಾಯಿಸಬೇಕು, ಜನರಲ್‌ನವರಿಗೆ 750 ರೂಪಾಯಿ, ಎಸ್‌ಸಿ ಎಸ್‌ಟಿಯವರಿಗೆ 125 ರೂಪಾಯಿಗಿಂತ ಹೆಚ್ಚು ಎನ್‌ರೋಲ್‌ಮೆಂಟ್ ಫೀ ತಗೊಳ್ಳಂಗಿಲ್ಲ ಅಂತ 2024ರ ಜುಲೈನ್ಯಾಗ ಸುಪ್ರೀಂ ಕೋರ್ಟ್ ಹೇಳೈತಿ. ಆಮ್ಯಾಲ ಎಐಬಿಇ (ಆಲ್ ಇಂಡಿಯಾ ಬಾರ್ ಎಕ್ಸಾಮಿನೇಶನ್) ಪರೀಕ್ಷೆ, ಆಮ್ಯಾಲ ಸಂಸಾರದ ಕೇಸು ಹೆಚ್ಚು ನೋಡೋ ಸೀನಿಯರ್ ಹತ್ರ ಜೂನಿಯರ್.

ಇಲ್ಲೂ ನಾ ಅದೇ ಹೇಳತೀನಿ, ಎಲ್‌ಎಲ್‌ಬಿ ಸೇರೋಕ್ಕಿಂತ ಮೊದ್ಲ ಹೋಗಿ ಕುಂದ್ರಿ. ಕೊಪ್ಪಳದಾಗ ಆಗಲಿ ರಾಯಚೂರಿನ್ಯಾಗ ಆಗಲಿ ಜಿಲ್ಲಾ ಕೋರ್ಟ್ ಆವರಣದಾಗ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಆಫೀಸು ಇರತೈತಿ. ಅಲ್ಲಿ ಪ್ಯಾರಾ ಲೀಗಲ್ ವಾಲಂಟಿಯರ್ ಅಂತ ತಗೋತಾರ, ಲಾ ಡಿಗ್ರಿ ಬ್ಯಾಡ. ಹೆಣ್ಮಕ್ಕಳಿಗೆ ಆದಾಯ ಎಷ್ಟಿದ್ರೂ ಪ್ರಾಧಿಕಾರದಿಂದ ಫ್ರೀ ವಕೀಲರು ಸಿಗತಾರ ಅನ್ನೋದೇ ನಮ್ಮ ಹಳ್ಳಿಯಾಗ ಎಷ್ಟೋ ಮಂದಿಗೆ ಗೊತ್ತಿಲ್ಲ, ಅದನ್ನ ಮನಿ ಮನಿಗೆ ಮುಟ್ಟಿಸೋದು ಆ ವಾಲಂಟಿಯರ್‌ಗಳ ಕೆಲಸ. ಸೋಮವಾರ ಮುಂಜಾನಿ ಹೋಗಿ, ಮುಂದಿನ ಬ್ಯಾಚಿಗೆ ಅರ್ಜಿ ಯಾವಾಗ ಕರೀತಾರ ಅಂತ ಕೇಳ್ರಿ, ಆಧಾರ್, ಮಾರ್ಕ್ಸ್ ಕಾರ್ಡಿನ ಜೆರಾಕ್ಸು, ಎರಡು ಫೋಟೋ ಚೀಲದಾಗ ಇಟ್ಕೊಂಡಿರ್ರಿ.